ನೆರಳಿನಿಂದ ಬಾವು ಬರುವುದಿಲ್ಲ

ಅರ್ಧ ಮುಖ ಕತ್ತಲಲ್ಲಿದ್ದರೆ ಆ ಮನುಷ್ಯ ಕೊಲೆಗಾರ. ಬೈಲಹೊಂಗಲದ ನಮ್ಮ ಚಿತ್ರ ಬಳಗದಲ್ಲಿ ಎರಡು ವರ್ಷ ಇದನ್ನು ಹೀಗೆಯೇ ನಂಬಲಾಗಿತ್ತು. ಪೂರ್ತಿ ಮುಖ ಕತ್ತಲಲ್ಲಿದ್ದರೆ ಪ್ರೊಜೆಕ್ಟರ್ ಕೆಟ್ಟಿದೆ ಎಂದರ್ಥ. ಆಗ ಚಹಾ ಬರುತ್ತಿತ್ತು.

ಬಳಗ ಎಂದರೆ ಹತ್ತು ಹನ್ನೆರಡು ಜನ. ತಿಂಗಳಿಗೆ ಎರಡು ಭಾನುವಾರ, ಟ್ಯೂಷನ್ ನಡೆಯುವ ಒಂದು ಹಾಲ್‌ನಲ್ಲಿ, ಕಿಟಕಿಗಳಿಗೆ ಖಾಲಿ ಗೊಬ್ಬರದ ಚೀಲ ಹೊಲಿದು ಕಟ್ಟಿ, ಹಳೆಯ ಕಪ್ಪು-ಬಿಳುಪು ಅಪರಾಧ ಚಿತ್ರಗಳನ್ನು ನೋಡುತ್ತಿದ್ದೆವು. ಚೀಲದ ಹೊಲಿಗೆಯ ತೂತುಗಳಿಂದ ಬಿಸಿಲು ಸೂಜಿಯಂತೆ ಒಳಗೆ ಬಂದು ನಾಯಕನ ಹಣೆಯ ಮೇಲೆ ಕೂರುತ್ತಿತ್ತು. ಒಮ್ಮೆ ಅಂಥದೊಂದು ಚುಕ್ಕೆಯನ್ನು ರಾಮದುರ್ಗದಿಂದ ಬರುವ ವಿಮೆ ಏಜೆಂಟರೊಬ್ಬರು ‘ವಿಧಿಯ ಸಂಕೇತ’ ಎಂದು ಬರೆದುಕೊಂಡರು. ನಾನು ಎದ್ದು ಹೋಗಿ ಚೀಲ ಸರಿಸಿದೆ. ವಿಧಿ ಗೋಡೆಗೆ ಹೋಯಿತು. ಅವರು ಬರೆದದ್ದನ್ನು ಹೊಡೆದು ಹಾಕಲಿಲ್ಲ.

ಬಳಗ ನಡೆಸುತ್ತಿದ್ದವರು ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರು. ಕೈಯಲ್ಲಿ ಕೆಂಪು ಬೆಳಕು ಬಿಡುವ ಪೆನ್ನು ಹಿಡಿದು, ಚಿತ್ರವನ್ನು ನಡುವೆ ನಿಲ್ಲಿಸಿ, ತೆರೆಯ ಮೇಲಿನ ನೆರಳನ್ನೆಲ್ಲ ಒಂದೊಂದಾಗಿ ತೋರಿಸುತ್ತಿದ್ದರು.

“ಬೆಳಕಂದ್ರ ಸತ್ಯ, ನೆಳ್ಳಂದ್ರ ಪಾಪ. ಬರ್ಕೊಳ್ರಿ.”

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಸವದತ್ತಿಯಿಂದ ಬೆಳಗಿನ ಬಸ್ಸಿಗೆ ಬರುವವರು ನಿದ್ದೆಯಲ್ಲೇ ಬರೆದುಕೊಳ್ಳುತ್ತಿದ್ದರು.

ನಾನು ಕಾಲೇಜಿನ ಐದು ವರ್ಷಗಳನ್ನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಒಂದು ಮಾತನ್ನು ಎಲ್ಲರೂ ಒಪ್ಪಿದರೆ, ಅದರ ವಿರೋಧ ಪಕ್ಷ ತಾನಾಗಿ ನನ್ನ ಪಾಲಿಗೆ ಬಂತು ಎಂದು ತಿಳಿಯುವ ರೋಗ ನನಗೆ ಅಲ್ಲಿಂದಲೇ ಅಂಟಿದ್ದು. ಕೈ ಎತ್ತಿದೆ.

“ಸರ್, ಹಂಗಾದ್ರ ಮಧ್ಯಾಹ್ನ ಹನ್ನೆರಡಕ್ಕ ಯಾರೂ ಪಾಪ ಮಾಡೂದಿಲ್ಲೇನ್ರಿ?”

“ಮಧ್ಯಾಹ್ನ ಹನ್ನೆರಡಕ್ಕ ಬೈಲಹೊಂಗಲದಾಗ ಯಾರೂ ಹೊರಗಽ ಬರೂದಿಲ್ಲವಾ. ಕುಂಡ್ರು.”

ಅಂದು ತೆರೆಯ ಮೇಲೆ ನಿಂತಿದ್ದದ್ದು ಒಬ್ಬ ಪತ್ತೇದಾರನ ಕಚೇರಿ. ಕಿಟಕಿಗೆ ಪಟ್ಟಿಪಟ್ಟಿಯ ಪರದೆ. ಅದರ ನೆರಳು ಒಳಗೆ ಬಂದ ಹೆಂಗಸಿನ ಮೈಮೇಲೆ ಅಡ್ಡ ಗೆರೆಗಳಾಗಿ ಬಿದ್ದಿತ್ತು. ಮಾಸ್ತರರು ಅವು ಜೈಲಿನ ಸರಳು ಅಂದರು. ಇಂಥ ಚಿತ್ರ ನೋಡಿದವರೆಲ್ಲ ಇದನ್ನೇ ಅನ್ನುತ್ತಾರೆ. ಜೈಲಿನ ಸರಳು ಅಡ್ಡ ಇರುವುದಿಲ್ಲ, ಉದ್ದ ಇರುತ್ತವೆ ಎಂದು ನಾನು ಹೇಳಿದ ಮೇಲೆ ಹಾಲ್‌ನಲ್ಲಿ ಕೆಂಪು ಬೆಳಕು ಆರಿತು, ಚಿತ್ರ ಮುಂದೆ ಓಡಿತು.

ನನ್ನ ವಾದ ಬೇರೆ ಇತ್ತು, ಈಗಲೂ ಅದೇ. ಇಂಥ ಚಿತ್ರಗಳಲ್ಲಿ ಛಾಯಾಗ್ರಾಹಕ ಮಾಡುವುದು ತೀರಾ ಸರಳ ಕೆಲಸ. ಮುಖಕ್ಕೆ ಒಂದು ಕಡೆಯಿಂದ ಮುಖ್ಯ ದೀಪ ಹಚ್ಚುತ್ತಾನೆ. ಇನ್ನೊಂದು ಕಡೆಯ ನೆರಳನ್ನು ಅಳಿಸಲು ಇಡಬೇಕಾದ ಎರಡನೇ ದೀಪವನ್ನು ಇಡುವುದಿಲ್ಲ. ಅಷ್ಟೇ. ಆ ಇಡದ ದೀಪವೇ ಇಡೀ ಚಿತ್ರದ ಜಾಣತನ. ಪಕ್ಕದಿಂದ ಬಿದ್ದ ಬೆಳಕು ಮುಖದ ಉಬ್ಬು ತಗ್ಗುಗಳನ್ನೆಲ್ಲ ಎತ್ತಿ ಹಿಡಿಯುತ್ತದೆ: ಮೂಗಿನ ಡೊಂಕು, ಕಣ್ಣ ಕೆಳಗಿನ ಚೀಲ, ಕ್ಷೌರದಲ್ಲಿ ಕೊಯ್ದುಕೊಂಡದ್ದು. ಎದುರಿನಿಂದ ಸಮನಾಗಿ ಬಿದ್ದ ಬೆಳಕು ಅವನ್ನೆಲ್ಲ ತಿಂದು ನೀರು ಕುಡಿಯುತ್ತದೆ. ಅಂದರೆ ಮರೆಮಾಚುವುದು ಬೆಳಕು, ಹೇಳುವುದು ನೆರಳು. ಬೇಕಾದರೆ ಇದೇ ಚಿತ್ರಗಳನ್ನು ಇನ್ನೊಮ್ಮೆ ನೋಡಿ: ಕೂಲಿಗಾಗಿ ಕೊಲ್ಲುವವನು ಗಲ್ಲಿಯ ಕತ್ತಲಲ್ಲಿ ನಿಂತಿರುತ್ತಾನೆ, ಕೊಲ್ಲಿಸುವವನು ಮಾತ್ರ ಚೆನ್ನಾಗಿ ಬೆಳಗಿದ ದೊಡ್ಡ ಕೋಣೆಯಲ್ಲಿ, ಒಂದೂ ನೆರಳಿಲ್ಲದೆ, ಕೂತಿರುತ್ತಾನೆ.

ಇದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕಿತ್ತೂರಿನಿಂದ ಬರುತ್ತಿದ್ದ ಒಬ್ಬ ತರುಣ ಮಾತ್ರ ಅರ್ಧ ಕೇಳಿಸಿಕೊಂಡ. ಅರ್ಧ ಕೇಳಿಸಿಕೊಳ್ಳುವವರು ಪೂರ್ತಿ ಕೇಳದವರಿಗಿಂತ ಅಪಾಯ. ಅವನು ಮೊಬೈಲಿನಲ್ಲಿ ಒಂದು ಅಪರಾಧ ಕಿರುಚಿತ್ರ ತೆಗೆದ. ಪಟ್ಟಿ ಪರದೆಯ ನೆರಳು ಬೇಕು, ಆದರೆ ಅವನ ಓಣಿಯಲ್ಲಿ ಅಂಥ ಪರದೆ ಯಾರ ಮನೆಯಲ್ಲಿರುತ್ತದೆ? ಹಗ್ಗ ಹೆಣೆದ ಒಂದು ಮಂಚವನ್ನು, ನಮ್ಮ ಕಡೆಯ ಹೊರಸನ್ನು, ಬಲ್ಬಿನ ಮುಂದೆ ನೆಟ್ಟಗೆ ನಿಲ್ಲಿಸಿದ. ನಾಯಕನ ಮುಖದ ಮೇಲೆ ಹಗ್ಗದ ಗೆರೆಗಳು ಬಿದ್ದು, ಅವನು ಹುಬ್ಬಿನ ತನಕ ಮೀನಿನ ಬಲೆಯಲ್ಲಿ ಸಿಕ್ಕಂತೆ ಕಂಡ. ಫೋನಿನಿಂದ ಫೋನಿಗೆ ಆ ಚಿತ್ರ ಓಡಾಡಿತು. ಅದರ ಕೆಳಗೆ ಬಂದ ಮೊದಲ ಅಭಿಪ್ರಾಯ ನನಗೆ ಬಾಯಿಪಾಠ ಆಗಿದೆ: “ಅದು ನಮ್ಮ ಮನಿ ಹೊರಸು. ಹೊಳ್ಳಿ ಯಾವಾಗ ಕೊಡ್ತಿ?”

ನಾನು ಅಂದು ಬಹಳ ನಕ್ಕೆ. ಆ ನಗುವಿನ ಬಡ್ಡಿ ಮುಂದೆ ಕಟ್ಟಬೇಕಾಗುತ್ತದೆಂದು ಗೊತ್ತಿರಲಿಲ್ಲ.

ಉಳಿದ ದಿನಗಳಲ್ಲಿ ನಾನು ಕೂರುತ್ತಿದ್ದದ್ದು ಮಾಮಾನ ಫೋಟೋ ಸ್ಟುಡಿಯೋದಲ್ಲಿ. ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಮೂವತ್ತು ವರ್ಷದಿಂದ ಸುತ್ತಿನ ಹಳ್ಳಿಗಳ ಮದುವೆ, ಸೀಮಂತ, ಶಾಲೆಯ ಗುರುತಿನ ಚೀಟಿ, ಗೋಡೆಗೆ ತೂಗುಹಾಕುವ ಹಿರಿಯರು, ಎಲ್ಲವನ್ನೂ ಒಂದೇ ಬೆಳಕಿನಲ್ಲಿ ತೆಗೆದವನು. ಆ ಬೆಳಕಿನ ವ್ಯವಸ್ಥೆ ಹೀಗೆ: ಎಡಕ್ಕೊಂದು ಬಿಳಿ ಛತ್ರಿ, ಬಲಕ್ಕೊಂದು ಬಿಳಿ ಛತ್ರಿ, ಎರಡರ ದೀಪವೂ ಸಮ, ಗದ್ದದ ಕೆಳಗಿನ ನೆರಳೂ ಉಳಿಯಬಾರದೆಂದು ತೊಡೆಯ ಮೇಲೊಂದು ಥರ್ಮಾಕೋಲ್ ಹಾಳೆ. ಮುಖದ ಬಗ್ಗೆ ಅವನ ಸಿದ್ಧಾಂತ ಮಾಸ್ತರರದಕ್ಕಿಂತ ಚಿಕ್ಕದು.

“ಮಾರಿ ಅಂದ್ರ ರೊಟ್ಟಿ ಇದ್ದಂಗ. ಎಲ್ಲಾ ಕಡೆ ಒಂದಽ ನಮೂನಿ ಬೇಯಬೇಕು.”

ಬೆಂದ ಮೇಲೆ ‘ಫೇಸ್ ಕ್ಲೀನ್’. ಕಂಪ್ಯೂಟರಿನಲ್ಲಿ ಮುಖವನ್ನು ದೊಡ್ಡದು ಮಾಡಿ, ಮೌಸ್ ಹಿಡಿದು, ಮೊಡವೆ, ಕಲೆ, ಸುಕ್ಕು, ಹೊಲಿಗೆ ಹಾಕಿದ ಗುರುತು, ಎಲ್ಲವನ್ನೂ ಒರೆಸುತ್ತಿದ್ದ. ಯಾರೂ ಕೇಳಬೇಕಿರಲಿಲ್ಲ. ಊಟಕ್ಕೆ ಕೂತವರಿಗೆ ನೀರು ಇಟ್ಟಂತೆ, ಅದು ಮರ್ಯಾದೆ. ಮಾಮಾನ ಕಂಪ್ಯೂಟರಿನೊಳಗೆ ಬೈಲಹೊಂಗಲ ತಾಲ್ಲೂಕಿನ ಒಬ್ಬರಿಗೂ ಸಿಡುಬು ಬಂದಿಲ್ಲ, ಒಬ್ಬರೂ ಬಿಸಿಲಲ್ಲಿ ದುಡಿದಿಲ್ಲ.

“ಇದು ಸುಳ್ಳು ಸಾಕ್ಷಿ, ಮಾಮಾ,” ಎಂದು ನಾನು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದೆ.

“ಬರೂವಾಗ ಜನ ತಮ್ಮ ಮಾರಿ ತರ್ತಾರ, ಹೋಗೂವಾಗ ತಮಗ ಬೇಕಾದ ಮಾರಿ ಒಯ್ತಾರ. ಅದಕ್ಕಽ ಇದಕ್ಕ ದುಕಾನ ಅಂತಾರ. ಕೋರ್ಟ ಅನ್ನೂದಿಲ್ಲ.”

ಒಂದು ಬೆಳಗ್ಗೆ ಆಕೆ ಬಂದಳು. ಎರಡು ಓಣಿ ಆಚೆಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ನಮ್ಮ ಮಧ್ಯಾಹ್ನದ ಊಟ ಅಲ್ಲಿಂದಲೇ ಬರುತ್ತಿದ್ದುದರಿಂದ ಗುರುತಿತ್ತು. ಗಂಡನ ಊರು ಸಂಪಗಾಂವದ ಆಚೆಯ ಒಂದು ಹಳ್ಳಿ. ಅವನನ್ನು ಬಿಟ್ಟು ಬಂದು ಕೆಲವು ತಿಂಗಳಾಗಿತ್ತು, ತವರಿನಲ್ಲಿದ್ದಳು. ಅಂದು ಸೆರಗನ್ನು ಎಡಗೆನ್ನೆಗೆ ಎಳೆದುಕೊಂಡಿದ್ದಳು.

ನಾನು ಒಳಗೆ ಲ್ಯಾಮಿನೇಷನ್ ಮಾಡುತ್ತಿದ್ದೆ. ಅವಳ ಮಾತು ಮಾತ್ರ ಕೇಳಿಸಿತು. “ಮಾರಿದೊಂದು ಫೋಟೋ ಬೇಕ್ರಿ, ಅಣ್ಣಾರ. ಹಿರ್ಯಾರಿಗೆ ತೋರಸೂದೈತಿ.”

ಹಿರಿಯರಿಗೆ ತೋರಿಸುವ ಫೋಟೋ. ಈ ಮಾತಿಗೆ ಮಾಮಾನ ಮೂವತ್ತು ವರ್ಷದ ವೃತ್ತಿಯಲ್ಲಿ ಒಂದೇ ಅರ್ಥವಿತ್ತು: ಚೆನ್ನಾಗಿ ಕಾಣಬೇಕು. ಕನ್ಯೆ ಕೇಳುವವರ ಮನೆಗೆ ಹೋಗುವ ಫೋಟೋಗಳನ್ನು ಹೀಗೇ ಹೇಳಿ ತೆಗೆಸುತ್ತಾರೆ. ಅವಳ ಕೆನ್ನೆಯನ್ನು ಅವನು ನೋಡದೇ ಇರಲಿಲ್ಲ. ನೋಡಿ, ಪಾಪ ಅಂದುಕೊಂಡು, ಎರಡೂ ಛತ್ರಿ ಹಚ್ಚಿ, ಕ್ಲಿಕ್ ಮಾಡಿ, ಮಾಡುವ ಕೆಲಸ ಮಾಡಿದ. ನಾನು ಹೊರಗೆ ಬರುವಷ್ಟರಲ್ಲಿ ಆಕೆ ಪ್ರಿಂಟ್ ಹಿಡಿದು ನಿಂತಿದ್ದಳು. ಫೋಟೋದಲ್ಲಿ ಕೆನ್ನೆ ಹಾಲಿನ ಕೆನೆಯಂತಿತ್ತು. ಫೋಟೋ ಹಿಡಿದವಳ ಕೆನ್ನೆ ಕಣ್ಣಿನವರೆಗೆ ಬಾತಿತ್ತು.

“ಇದರಾಗ ನಾ ಚಲೋ ಅದೇನಿ,” ಅಂದಳು. “ನನಗ ಚಲೋ ಇದ್ದದ್ದು ಬೇಕಾಗಿದ್ದಿಲ್ರಿ.”

ಆಮೇಲೆ ವಿಷಯ ಹೊರಬಂತು. ಹಿಂದಿನ ದಿನ ಗಂಡನ ಊರಿಗೆ ಹೋಗಿದ್ದಳು, ಮೂರನೇ ತರಗತಿ ಓದುವ ಮಗಳನ್ನು ಕರೆತರಲು. ಗಂಡ ಅಂಗಳದಲ್ಲೇ ಹೊಡೆದ. ನಳದ ಮುಂದೆ ಏಳೆಂಟು ಜನ ಕೊಡ ಹಿಡಿದು ನಿಂತಿದ್ದರು. ಎಲ್ಲರೂ ಆ ಹೊತ್ತಿಗೆ ಸರಿಯಾಗಿ ಕೊಡದೊಳಗೆ ನೋಡುತ್ತಿದ್ದರು. ಆಕೆ ಮಗಳನ್ನು ಕರೆದುಕೊಂಡು ಬಸ್ ಹತ್ತಿದಳು. ಸಂಜೆಗೆ ಆ ಊರ ಹಿರಿಯರಿಂದ ಫೋನ್ ಬಂತು: ಕೂತು ಮಾತಾಡೋಣ, ಅವನು ಕೈ ಮಾಡಿದ್ದು ಖರೆ ಎಂದಾದರೆ ಮಗಳು ನಿನ್ನ ಹತ್ತಿರವೇ ಇರಲಿ, ಶಾಲೆಯ ಟಿ.ಸಿ.ಯನ್ನೂ ಕೊಡಿಸುತ್ತೇವೆ, ಸುಳ್ಳಾದರೆ ಹುಡುಗಿ ವಾಪಸ್ ಬರಬೇಕು. ಆದರೆ ಈಗಲ್ಲ. ಅಮಾವಾಸ್ಯೆ ಕಳೆಯಲಿ.

“ಅಮಾಸಿಗೆ ಇನ್ನಾ ಎಂಟು ದಿನ ಐತ್ರಿ. ಅಷ್ಟರಾಗ ಇದು ಇಳೀತೈತಿ. ಅವ್ರಿಗೂ ಗೊತ್ತೈತಿ.”

ಅಮಾವಾಸ್ಯೆಯ ಮುಂದೆ ನ್ಯಾಯ ಹೇಳಬಾರದೆಂಬ ಶಾಸ್ತ್ರ ಎಲ್ಲಿಯದು ಎಂದು ನಾನು ಕೇಳಲಿಲ್ಲ. ಬಾವು ಇಳಿಯಲು ಎಷ್ಟು ದಿನ ಬೇಕೋ ಅಷ್ಟು ದೂರದಲ್ಲಿ ಒಂದು ಅಮಾವಾಸ್ಯೆ ಯಾವಾಗಲೂ ಸಿಗುತ್ತದೆ. ಸರಕಾರಿ ದವಾಖಾನೆಗೆ ಹೋಗು, ಬರೆಸಿಕೋ ಎಂದು ಮಾತ್ರ ಅಂದೆ. ಮೂರು ಕಾರಣ ಕೊಟ್ಟೆ. ಆಕೆ ಮೂರನ್ನೂ ಕೇಳಿದಳು.

“ದವಾಖಾನಿಗೆ ಹೋದ್ರ ಪೊಲೀಸ್ರು ಬರ್ತಾರ, ತಂಗಿ. ಪೊಲೀಸ್ರು ಬಂದ್ರ ಕೇಸು. ಕೇಸು ಅಂದ್ರ ನನ್ನ ಮಗಳ ಲಗ್ನ ಆಗೂತನಾ ನಡೀತೈತಿ. ನನಗ ಕೇಸು ಬ್ಯಾಡ. ಮಗಳ ಬೇಕು.”

ನಾಲ್ಕನೇ ಕಾರಣ ಹುಡುಕುವುದು ಬಿಟ್ಟು ಕ್ಯಾಮೆರಾ ಎತ್ತಿಕೊಂಡೆ.

ಎರಡೂ ಛತ್ರಿಗಳ ದೀಪ ಆರಿಸಿದೆ. ಅಂಗಡಿಯ ಎರಡು ಪಾಲಿನ ಬಾಗಿಲಲ್ಲಿ ಒಂದನ್ನು ಹಾಕಿ, ಇನ್ನೊಂದನ್ನು ಅರ್ಧ ತೆರೆದೆ. ಬೆಳಗಿನ ಬಿಸಿಲು ಓಣಿಯಿಂದ ಅಡ್ಡಡ್ಡ ಒಳಗೆ ಬಂತು. ಸ್ಟೂಲನ್ನು ತಿರುಗಿಸಿ ತಿರುಗಿಸಿ, ಬೆಳಕು ಕೆನ್ನೆಯನ್ನು ಎದುರಿನಿಂದ ಹೊಡೆಯದೆ ಪಕ್ಕದಿಂದ ಸವರಿಕೊಂಡು ಹೋಗುವ ಹಾಗೆ ಕೂರಿಸಿದೆ. ಅವಳ ಮೈಬಣ್ಣ ಕಪ್ಪು. ಅದರ ಮೇಲೆ ಹೊಡೆತದ ನೀಲಿ ಕಾಣುವುದು ಕಷ್ಟ. ಕಾಣಿಸಬೇಕಾದದ್ದು ಉಬ್ಬು. ಕ್ಯಾಮೆರಾವನ್ನು ಅವಳ ಕಣ್ಣಿನ ಮಟ್ಟಕ್ಕೆ ಇಟ್ಟೆ. ಮೇಲಿನಿಂದ ತೆಗೆದರೆ ಬಡಪಾಯಿಯಾಗುತ್ತಾಳೆ, ಕೆಳಗಿನಿಂದ ತೆಗೆದರೆ ದೇವಿಯಾಗುತ್ತಾಳೆ. ಎರಡರಿಂದಲೂ ಮಗಳು ಸಿಗುವುದಿಲ್ಲ. ಕೈಯಲ್ಲಿ ಅಂದಿನ ಪೇಪರ್ ಕೊಟ್ಟೆ.

“ಪೇಪರ್ ಯಾಕ? ನನಗ ಓದಾಕ ಬರೂದಿಲ್ಲ.”

“ತಾರೀಖಿಗೆ, ಅಕ್ಕಾ. ಎದಿಗೆ ಹಚ್ಚಿ ಹಿಡಿ.”

“ಕಳ್ಳರನ್ನ ಹಿಡದಾಗ ಹಿಂಗಽ ನಿಲ್ಲಸ್ತಾರಲ್ಲಾ,” ಅಂದಳು. ಹಿಡಿದಳು.

ಕ್ಯಾಮೆರಾದ ಸಣ್ಣ ಪರದೆಯ ಮೇಲೆ ಮೂರು ಬೆರಳುಗಳು ಎದ್ದು ನಿಂತವು. ಕೆನ್ನೆಯೆಲುಬಿನಿಂದ ಕಿವಿಯ ಕಡೆಗೆ ಮೂರು ದಿಣ್ಣೆ, ನಡುವೆ ಎರಡು ತಗ್ಗು, ಪ್ರತಿಯೊಂದು ದಿಣ್ಣೆಯ ಕೆಳಗೂ ಅದರದೇ ತೆಳುವಾದ ನೆರಳು. ನನಗೆ ಮೊದಲು ಆದದ್ದು ಸಂತೋಷ. ಎರಡು ವರ್ಷ ಯಾರೂ ಬರೆದುಕೊಳ್ಳದ ನನ್ನ ವಾದ ಒಬ್ಬ ಹೆಂಗಸಿನ ಕೆನ್ನೆಯ ಮೇಲೆ ಸಾಬೀತಾಯಿತು ಎಂಬ ಸಂತೋಷ. ಮಾಸ್ತರರನ್ನೂ ಕಿತ್ತೂರಿನವನನ್ನೂ ಗೇಲಿ ಮಾಡಿದ ಮೇಲೆ ಇದನ್ನೊಂದು ಬಿಟ್ಟು ಬರೆದರೆ ನಾನೂ ಫೇಸ್ ಕ್ಲೀನ್ ಮಾಡಿದ ಹಾಗೆ.

ಮಾಮಾ ನನ್ನ ಕೈಯಿಂದ ಕ್ಯಾಮೆರಾ ಇಸಿದುಕೊಂಡ. ಪ್ರಿಂಟ್ ತೆಗೆದು ಲಕೋಟೆಗೆ ಹಾಕಿದ. ಮೊದಲಿನ ಪ್ರಿಂಟನ್ನೂ ಅದರಲ್ಲೇ ಹಾಕಿದ. ತೆಗೆದ ಫೋಟೋ ಗಿರಾಕಿಗೆ ಸೇರಿದ್ದು ಎಂಬುದು ಅವನ ಇನ್ನೊಂದು ಮರ್ಯಾದೆ.

ಅಮಾವಾಸ್ಯೆ ಕಳೆದ ಎರಡನೇ ದಿನ ಮೂವರೂ ಅವಳ ಗಂಡನ ಊರಿಗೆ ಹೋದೆವು. ನಾನು ಹೋದದ್ದು ವಾದ ಮಾಡಲು. ಮಾಮಾ ಬಂದದ್ದು ನಾನು ವಾದ ಮಾಡದಂತೆ ನೋಡಿಕೊಳ್ಳಲು. ಊರ ಹಿರಿಯರು ಅವನ ಹಳೆಯ ಗಿರಾಕಿ. ಆಕೆಯ ಕೆನ್ನೆ ಅಷ್ಟರಲ್ಲಿ ಎಲ್ಲರ ಕೆನ್ನೆಯಂತಾಗಿತ್ತು.

ಹಿರಿಯರ ಮನೆಯ ಪಡಸಾಲೆ. ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಆದರೂ ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹಿರಿಯರು ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ, ಟ್ಯೂಬಿನ ನೇರ ಕೆಳಗೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಅವರದೇ ದೊಡ್ಡ ಫೋಟೋ, ಚೌಕಟ್ಟು ಹಾಕಿದ್ದು. ಕೆಳಗೆ ಜಮಖಾನೆಯ ಮೇಲೆ ನಾಲ್ಕೈದು ಜನ, ಅವರ ನಡುವೆ ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ಗಂಡ. ಆಕೆಯನ್ನು ಹೊಸ್ತಿಲ ಹತ್ತಿರ ನಿಲ್ಲಿಸಿದ್ದರು. ಬಾಗಿಲ ಚೌಕಟ್ಟು ಅವಳನ್ನು ಎರಡೂ ಕಡೆಯಿಂದ ಹಿಡಿದಿತ್ತು, ಹಿಂದಿನ ಬಿಸಿಲಿಗೆ ಮುಖ ಕಪ್ಪಾಗಿತ್ತು. ಮಾಸ್ತರರ ಲೆಕ್ಕದಲ್ಲಿ ಪಾಪಿ ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಚಿತ್ರದ ಚೌಕಟ್ಟಿನಲ್ಲಿ ಯಾರನ್ನು ಯಾರ ಪಕ್ಕ ಇಟ್ಟಿದ್ದಾರೆಂದು ನೋಡಿದರೆ ಸಂಭಾಷಣೆ ಕೇಳುವ ಅಗತ್ಯ ಬೀಳುವುದಿಲ್ಲ; ಇಲ್ಲಿ ಗಂಡ ನ್ಯಾಯ ಹೇಳುವವರ ಜಮಖಾನೆಯ ಮೇಲಿದ್ದ.

ಹಿರಿಯರು ಲಕೋಟೆ ಕೇಳಿದರು. ಆಕೆ ಕೊಟ್ಟಳು. ಅವರು ಅದನ್ನು ತೊಡೆಯ ಮೇಲೆ ಕೊಡವಿದರು. ಎರಡು ಫೋಟೋ ಬಿದ್ದವು.

“ಒಂದಽ ದಿನ, ಒಂದಽ ಸೀರಿ, ಒಂದಽ ಲಕೋಟಿ,” ಎಂದು ಹಿರಿಯರು ಎರಡನ್ನೂ ಎತ್ತಿ ಹಿಡಿದು ನಿಧಾನವಾಗಿ ಅಂದರು. “ಒಂದರಾಗ ಬಾವು ಐತಿ. ಒಂದರಾಗ ಇಲ್ಲ. ಯಾವುದು ಖರೇ?”

“ನಾ ಮುಟ್ಟಿಲ್ರಿ,” ಅಂದ ಗಂಡ. “ಹೊಂಟಾಗ ಬಾಗಲಾ ಬಡದಿತ್ತು.”

ನಾನು ಎದ್ದು ನಿಂತೆ. ಮಾಮಾ ನನ್ನ ಸೆರಗು ಎಳೆದ. ಬಿಡಿಸಿಕೊಂಡೆ.

“ಬಾಗಲಕ್ಕ ಮೂರು ಬೆರಳ ಇರ್ತಾವೇನ್ರಿ, ಯಜಮಾನ್ರ? ಒಂದನೇದು, ಆ ಫೋಟೋದಾಗ ತಾರೀಖಿನ ಪೇಪರ್ ಐತಿ. ಎರಡನೇದು, ಬೆಳಕು ಬಾಜೂಲಿಂದ ಬಿದ್ರ ಇದ್ದ ಉಬ್ಬು ಕಾಣ್ತೈತಿ, ಇಲ್ಲದ ಉಬ್ಬು ಹುಟ್ಟೂದಿಲ್ಲ. ಮೂರನೇದು, ಬಾಗಲಾ ಬಡದಿದ್ರ ಹಿಂಗ ಸಾಲಾಗಿ ಗೆರಿ ಮೂಡತಿದ್ದಿಲ್ಲ.”

ಹಿರಿಯರು ಮೂರನ್ನೂ ಕೇಳಿದರು. ಜಮಖಾನೆಯ ಮೇಲಿದ್ದ ಒಬ್ಬರಿಗೆ ಫೋಟೋ ದಾಟಿಸಿದರು.

“ಗೆರಿ ಅಂತಿ. ಗೆರಿ ಅಂದ್ರ ಏನವಾ, ನೆಳ್ಳ. ಹೊರಸು ನಿಲ್ಲಿಸಿ ಮಾರಿ ಮ್ಯಾಲ ಗೆರಿ ಕೆಡವೂದು ನಾವೂ ನೋಡೇವಿ. ಕಿತ್ತೂರಾಗ ಯಾರೋ ಸಿನಿಮಾ ಮಾಡಿದ್ರಲ್ಲ, ಫೋನಿನಾಗ ಬಂದಿತ್ತು.”

“ನಮ್ಮ ಹುಡುಗ್ರು ತೋರಿಸಿದ್ರು,” ಅಂದರು ಫೋಟೋ ಹಿಡಿದವರು. “ಬಲಿಯಾಗ ಸಿಕ್ಕಂಗ ಕಾಣತಿದ್ದ.”

“ನೆಳ್ಳ ಕೆಡವಿದ್ರ ಗ್ವಾಡಿಗೂ ಬಾವು ಬರ್ತೈತಿ,” ಅಂದರು ಹಿರಿಯರು.

“ನೆಳ್ಳಿಂದ ಬಾವು ಬರೂದಿಲ್ರಿ. ಬಾವಿನಿಂದ ನೆಳ್ಳ ಬರ್ತೈತಿ.”

ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ವೇದಿಕೆಯ ಮೇಲಾದರೂ ಚಪ್ಪಾಳೆ ಬೀಳುತ್ತಿತ್ತು. ಹಿರಿಯರು ನನ್ನನ್ನು ಪ್ರೀತಿಯಿಂದಲೇ ನೋಡಿದರು.

“ಭಾಷಣ ಚಲೋ ಮಾಡ್ತಿ ನೋಡವಾ. ಬಹುಮಾನ ಬಂದಾವೇನು?”

“ಬಂದಾವ್ರಿ.”

“ಅದಕ್ಕಽ ಮತ್ತ.”

ಜಮಖಾನೆ ಪೂರ್ತಿ ನಕ್ಕಿತು. ಗಂಡನೂ ನಕ್ಕ. ನನಗೆ ಆಗ ಅರ್ಥವಾಯಿತು: ನಾನು ಎಷ್ಟು ಚೆನ್ನಾಗಿ ಮಾತಾಡಿದೆನೋ ಆ ಫೋಟೋ ಅಷ್ಟು ಸಿನಿಮಾ ಆಗಿತ್ತು. ಮನೆಯ ಕಪಾಟಿನಲ್ಲಿರುವ ಹನ್ನೊಂದು ಬಹುಮಾನದ ಕಪ್‌ಗಳೂ ಎದುರು ಪಕ್ಷದ ಸಾಕ್ಷಿಗಳಾಗಿ ಬಂದು ಕೂತಿದ್ದವು. ಹೊಸ್ತಿಲ ಹತ್ತಿರ ಆಕೆ ನನ್ನನ್ನು ನೋಡಲಿಲ್ಲ. ಜಮಖಾನೆಯವರ ಕೈಯಲ್ಲಿದ್ದ ತನ್ನ ಮುಖವನ್ನು ನೋಡುತ್ತಿದ್ದಳು. ಅದು ಕೈಯಿಂದ ಕೈಗೆ ಹೋಗುತ್ತ ಗಂಡನ ತನಕ ಬಂತು, ಅವನು ಅದನ್ನು ಬೋರಲು ಇಟ್ಟ.

“ಹಂಗಾದ್ರ ಹುಡುಗಿ…” ಎಂದು ಹಿರಿಯರು ಶುರುಮಾಡಿದರು.

ಅಲ್ಲಿಯ ತನಕ ಚಹಾ ಕುಡಿಯುತ್ತಿದ್ದ ಮಾಮಾ ಬಟ್ಟಲು ಕೆಳಗಿಟ್ಟ.

“ಯಜಮಾನ್ರ, ಒಂದು ಮಾತು. ನಿಮ್ಮ ತಲಿ ಮ್ಯಾಲಿನ ಫೋಟೋ ಯಾರು ತಗದದ್ದು?”

“ನೀನಽ ಅಲ್ಲೇನು? ಹಿರಿ ಮಗನ ಲಗ್ನದಾಗ.”

“ಹೌದಲ್ರಿ. ನಿಮ್ಮ ಬಲಗಲ್ಲದ ಮ್ಯಾಲಿನ ನರೂಲಿ ಅದರಾಗ ಎಲ್ಲೈತ್ರಿ?”

ಹಿರಿಯರ ಬಲಗೆನ್ನೆಯ ಮೇಲೆ, ಮೀಸೆಯ ತುದಿಯ ಪಕ್ಕದಲ್ಲಿ, ಕಡಲೆಕಾಳಿನ ಗಾತ್ರದ ಒಂದು ನರಹುಲಿ ಇತ್ತು. ಬಂದಾಗಿನಿಂದ ಎಲ್ಲರ ಕಣ್ಣಿಗೂ ಬೀಳುತ್ತಿದ್ದದ್ದು. ಹುಟ್ಟಿದಾಗಿನಿಂದ ನೋಡಿದ ಕಾರಣ ಯಾರೂ ನೋಡದೇ ಇದ್ದದ್ದು. ಎಲ್ಲರ ತಲೆಯೂ ಒಟ್ಟಿಗೆ ಮೇಲೆ ಹೋಯಿತು. ಚೌಕಟ್ಟಿನೊಳಗಿನ ಹಿರಿಯರ ಕೆನ್ನೆ ನುಣ್ಣಗೆ, ತೊಳೆದ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು. ತಲೆಗಳು ಕೆಳಗೆ ಬಂದವು. ಹಿರಿಯರ ಕೈ ತಾನಾಗಿ ಕೆನ್ನೆಗೆ ಹೋಯಿತು. ನರಹುಲಿ ಅಲ್ಲೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಿರಿಯರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಸಾಲಲಿಲ್ಲ.

“ನಾ ಆವತ್ತಽ ಕೇಳಿದ್ನಿ,” ಅಂದರು. “ಇದು ಯಾರ ಫೋಟೋ ತಂದೀರಿ ಅಂತ.”

“ನಿಮ್ಮ ನರೂಲಿ ಅಳಿಸಿದಾವ ನಾನಽ ರೀ,” ಅಂದ ಮಾಮಾ. ಅವನ ದನಿ ಏರಲಿಲ್ಲ. ಫೋಟೋದ ಸೈಜು ಹೇಳುವ ದನಿಯಲ್ಲೇ ಹೇಳಿದ. “ಈಕಿ ಬಾವು ಅಳಿಸಿದಾವನೂ ನಾನಽ. ಹಿರ್ಯಾರಿಗೆ ತೋರಸೂದು ಅಂದ್ಲು, ಚಂದ ಕಾಣಲಿ ಅಂತ ಅಳಿಸಿದೆ. ಚಲೋ ಕಾಣೂ ಫೋಟೋನಽ ಸುಳ್ಳ. ಹುಡುಗಿ ತಗದ ಫೋಟೋಕ್ಕ ಯಾರೂ ಕೈ ಹಚ್ಚಿಲ್ರಿ.”

ಆಗ ಹೊಸ್ತಿಲಿನಿಂದ ಆಕೆ ಅಂದಳು. “ಫೋಟೋಕ್ಕ ಹಚ್ಚಿಲ್ರಿ. ಮಾರಿಗೆ ಹಚ್ಚ್ಯಾರ.”

ಗಂಡ ಮೊಬೈಲ್ ತೆಗೆದು ನೋಡತೊಡಗಿದ. ಅವನಿಗೆ ಆ ಕ್ಷಣದಲ್ಲೇ ಏನೋ ಜರೂರು ಬಂದಿರಬೇಕು. ಹಿರಿಯರು ಕೆನ್ನೆಯಿಂದ ಕೈ ತೆಗೆದು, ಮತ್ತೆ ಅಲ್ಲಿಗೆ ಹೋಗದಂತೆ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

“ಹುಡುಗಿ ಸಾಲಿ ಕಲಿಯೂತನಾ ತಾಯಿ ಕಡೆ ಇರ್ಲಿ,” ಅಂದರು ಕೊನೆಗೆ. “ಟಿ.ಸಿ. ಕೊಡಸೋಣು. ಚಹಾ ಕುಡೀರಿ ಎಲ್ಲಾರೂ.”

ಗಂಡ ಹೊಡೆದ ಎಂದು ಅವರು ಅನ್ನಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ತಮ್ಮ ನರಹುಲಿ ಇರುವುದನ್ನು ಒಪ್ಪಿಕೊಂಡರು. ಅದರಿಂದ ಏನು ಹೊರಡುತ್ತದೋ ಅದನ್ನು ಚಹಾದ ಜೊತೆ ಕುಡಿದುಬಿಟ್ಟರು. ನಾನು ಅದನ್ನು ಬಾಯಿಬಿಟ್ಟು ಹೇಳಿಸಬೇಕೆಂದು ಮತ್ತೆ ಎದ್ದೆ. ಈ ಸಲ ಸೆರಗು ಎಳೆದವಳು ಆಕೆ. ಯಾವಾಗ ಹೊಸ್ತಿಲು ದಾಟಿ ಬಂದು ನನ್ನ ಹಿಂದೆ ನಿಂತಿದ್ದಳೋ.

“ಸಾಕು ತಂಗಿ. ನಿನಗ ಗೆಲ್ಲೂದು ಬೇಕಾಗೇತಿ. ನನಗ ಬಸ್ ಹಿಡಿಯೂದು ಬೇಕಾಗೇತಿ.”

ವಾಪಸ್ ಬರುವ ಬಸ್ಸಿನಲ್ಲಿ ಮಾಮಾ ಕಿಟಕಿಯ ಕಡೆ ಕೂತಿದ್ದ. ಸಂಪಗಾಂವ ದಾಟುವ ತನಕ ತಡೆದುಕೊಂಡು, ಆಮೇಲೆ ಅಂದ: “ನಿನ್ನ ನೆಳ್ಳ ಗೆಲ್ಲಲಿಲ್ಲ ನೋಡು. ನನ್ನ ಸುಳ್ಳ ಗೆದ್ದಿತು.”

“ಸುಳ್ಳು ಗೆದ್ದಿಲ್ಲ ಮಾಮಾ, ತಪ್ಪೊಪ್ಪಿಗೆ ಗೆದ್ದದ್ದು. ಅಪರಾಧಿಯ ತಪ್ಪೊಪ್ಪಿಗೆ.”

“ಹೂಂ. ಕಪ್ ಕೊಡ್ತಾರೇನು ಅದಕ್ಕ?”

ಮುಂದಿನ ಭಾನುವಾರ ಬಳಗದಲ್ಲಿ ಹೆಸರು, ಊರು ಬಿಟ್ಟು ಇದನ್ನೆಲ್ಲ ಹೇಳಿದೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಕೇಳಿ, ಆ ನರಹುಲಿ ಅಧಿಕಾರದ ಸಂಕೇತ ಅಂದರು. ರಾಮದುರ್ಗದವರು ಬರೆದುಕೊಂಡರು. ಕಿತ್ತೂರಿನವನು ಹೊರಗೆ ಬಂದ ಮೇಲೆ ನನ್ನ ಹತ್ತಿರ ನಿಂತು, ಆ ಹೊರಸನ್ನು ವಾಪಸ್ ಕೊಟ್ಟಿದ್ದೇನೆ ಎಂದಷ್ಟೇ ಹೇಳಿ ಹೋದ. ಆ ಇಡೀ ಬಳಗದಲ್ಲಿ ನನಗೆ ಗೌರವ ಹುಟ್ಟಿದ್ದು ಆ ಒಂದು ವಾಕ್ಯದ ಮೇಲೆ.

ಟಿ.ಸಿ. ಬಂತು. ಹೊಸ ಶಾಲೆಯ ಗುರುತಿನ ಚೀಟಿಗೆ ಫೋಟೋ ತೆಗೆಸಲು ಆಕೆ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಎರಡು ಜಡೆ, ಎಡ ಹುಬ್ಬಿನ ಮೇಲೆ ಸೀತಾಳಿ ಸಿಡುಬಿನ ಒಂದು ಗುಳಿ. ಮಾಮಾ ಅಭ್ಯಾಸದಂತೆ ಎರಡೂ ಛತ್ರಿ ಹಚ್ಚಿದ.

“ಅಣ್ಣಾರ,” ಅಂದಳು ಆಕೆ, “ಆಕಿ ಹೆಂಗದಾಳ ಹಂಗಽ ಬರ್ಲಿ.”

“ಹಂಗಽ ಬರ್ತಾಳವಾ.”

ಹುಡುಗಿ ಥರ್ಮಾಕೋಲ್ ಹಾಳೆಯನ್ನು ತೊಡೆಯ ಮೇಲೆ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಕೂತಳು. ತೆಗೆದದ್ದಾಯಿತು. ಮಾಮಾ ಕಂಪ್ಯೂಟರಿನ ಮುಂದೆ ಕೂತು ಮುಖವನ್ನು ದೊಡ್ಡದು ಮಾಡಿದ. ನಾನು ಅವನ ಹಿಂದೆ ನಿಂತೆ. ಮೌಸ್ ಹುಬ್ಬಿನ ಮೇಲಿನ ಗುಳಿಯ ತನಕ ಹೋಗಿ, ಅದರ ಸುತ್ತ ಒಂದು ಸುತ್ತು ಹೊಡೆದು, ನಿಂತಿತು. ಬಿಟ್ಟ. ಪ್ರಿಂಟ್ ಕೊಟ್ಟ. ಆಕೆ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಇದ್ದದ್ದು ಖಾತ್ರಿ ಮಾಡಿಕೊಂಡು, ನಕ್ಕಳು.

ಅವರು ಮೆಟ್ಟಿಲು ಇಳಿಯುವಾಗ ನಾನು ಪ್ರಿಂಟಿನ ಇನ್ನೊಂದು ಪ್ರತಿಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಗುಳಿ ಇತ್ತು. ಜಡೆ ಇತ್ತು. ಫೋಟೋದ ಹುಡುಗಿ ಮಾತ್ರ ಮೆಟ್ಟಿಲು ಇಳಿಯುತ್ತಿದ್ದ ಹುಡುಗಿಗಿಂತ ಎರಡು ಪಾಲು ಬೆಳ್ಳಗಿದ್ದಳು.

“ಮಾಮಾ.”

“ಅದು ಅಳಿಸಿದ್ದಲ್ಲ,” ಅಂದ ಮಾಮಾ, ನನ್ನ ಕಡೆ ತಿರುಗದೆ. “ಅದು ಬೆಳಕು.”

ನಾನು ಎರಡೂ ಛತ್ರಿಗಳ ದೀಪ ಆರಿಸಿ, ಓಣಿಗೆ ಇಳಿದು ಅವರನ್ನು ಹೊಳ್ಳಿ ಕರೆದೆ.